ಯುದ್ಧ ಕಂಡು ಬಂದವರಿಗೆ, ಆಸ್ಪತ್ರೆ ಎಟುಕದವರಿಗೆ ಯೋಗ ಹೇಗೆ ಕಲಿಸುತ್ತೀರಿ?

ಮೆತ್ತನೆಚಾಪೆ (ಚರ್ಚೆ ಶುರು ಮಾಡಿದವರು)

ಹನ್ನೊಂದು ವರ್ಷದಿಂದ ಯೋಗ ಕಲಿಸುತ್ತಿದ್ದೇನೆ. ಕೊನೆಯ ಮೂರು ವರ್ಷ ಮಾಜಿ ಸೈನಿಕರ ಒಂದು ಗುಂಪಿಗೂ ಕಲಿಸುತ್ತಿದ್ದೇನೆ, ವಾರಕ್ಕೆ ಎರಡು ಸಂಜೆ. ಈ ಮೂರು ವರ್ಷದಲ್ಲಿ ನಾನು ಕಲಿತದ್ದು ಅದಕ್ಕೂ ಹಿಂದಿನ ಎಂಟು ವರ್ಷಕ್ಕಿಂತ ಜಾಸ್ತಿ. ಆದರೆ ಅದು ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ದಿನ ಎಂದಿನ ಹಾಗೆ ಕೋಣೆ ಸಿದ್ಧ ಮಾಡಿದ್ದೆ. ಬಾಗಿಲು ಮುಚ್ಚಿ, ದೀಪ ಸಣ್ಣದು ಮಾಡಿದೆ. ಚಾಪೆಗಳೆಲ್ಲ ನನ್ನ ಕಡೆ ಮುಖ, ಬಾಗಿಲಿಗೆ ಬೆನ್ನು. "ಕಣ್ಣು ಮುಚ್ಚಿ, ಮೈ ಪೂರ್ತಿ ಬಿಟ್ಟುಬಿಡಿ" ಅಂದೆ. ಮೂರನೇ ಸಾಲಿನಲ್ಲಿ ಒಬ್ಬರ ಹೆಗಲು ಕಿವಿಯ ತನಕ ಏರಿತ್ತು. ಹಿಂದಿನಿಂದ ಹೋಗಿ ಎರಡು ಬೆರಳಿಟ್ಟು ಮೆಲ್ಲಗೆ ಕೆಳಗೆ ಒತ್ತಿದೆ. ಅವರು ಒಂದೇ ಏಟಿಗೆ ಎದ್ದು ತಿರುಗಿ ನಿಂತರು. ಮುಷ್ಟಿ ಬಿಗಿದಿತ್ತು. ಎರಡು ಮೂರು ಕ್ಷಣ ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಆಮೇಲೆ "ಕ್ಷಮಿಸಿ ಮೇಡಂ" ಅಂದರು. ಚಾಪೆ ಸುತ್ತಿಟ್ಟು, ಬೂಟಿನ ದಾರ ಕೂಡ ಕಟ್ಟದೆ ಹೊರಟುಹೋದರು. ಮತ್ತೆ ಬರಲಿಲ್ಲ.

ಕ್ಷಮೆ ಕೇಳಬೇಕಾದವಳು ನಾನು. ಹಿಂದಿನಿಂದ ಬಂದ ಕೈ ಅಂದರೆ ಅಪಾಯ ಅಂತ ಅವರ ಮೈಗೆ ವರ್ಷಗಟ್ಟಲೆ ಕಲಿಸಿದ್ದರು. ಆ ಪಾಠವೇ ಅವರನ್ನು ಉಳಿಸಿ ಮನೆಗೆ ತಂದಿತ್ತು. ನಾನು ಹತ್ತು ನಿಮಿಷದಲ್ಲಿ ಅದನ್ನು ಬಿಡಿಸಲು ಹೋಗಿದ್ದೆ.

ಆಮೇಲೆ ಓದತೊಡಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ ಯೋಗ ಶಿಕ್ಷಕ ಡೇವಿಡ್ ಎಮರ್ಸನ್ ಮತ್ತು ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಇದ್ದ ಟ್ರಾಮಾ ಸೆಂಟರ್‌ನಲ್ಲಿ ಆಘಾತಕ್ಕೆ ಒಳಗಾದವರಿಗಾಗಿಯೇ ಒಂದು ಯೋಗ ಪದ್ಧತಿ ರೂಪುಗೊಂಡಿದೆ. ಅದರಲ್ಲಿ ಶಿಕ್ಷಕರು ಯಾರನ್ನೂ ಮುಟ್ಟಿ ತಿದ್ದುವುದಿಲ್ಲ. ಭಂಗಿ ಸರಿಯೋ ತಪ್ಪೋ ಅನ್ನುವ ಮಾತೇ ಇಲ್ಲ. ಎಲ್ಲದರಲ್ಲೂ ಆಯ್ಕೆ ಕಲಿಯುವವರದು.

ನಾನು ಮಾಡಿಕೊಂಡ ಬದಲಾವಣೆಗಳು ಸಣ್ಣವು. ಈಗ ಬಾಗಿಲು ಎಲ್ಲರಿಗೂ ಕಾಣುತ್ತದೆ. ದೀಪ ಉರಿಯುತ್ತಲೇ ಇರುತ್ತದೆ. ನಾನು ನನ್ನ ಚಾಪೆ ಬಿಟ್ಟು ಓಡಾಡುವುದಿಲ್ಲ. ಎದ್ದು ಹೋಗಬೇಕಾದರೆ "ಈಗ ಎಡಗಡೆ ಕಿಟಕಿ ಹತ್ತಿರ ಹೋಗುತ್ತಿದ್ದೇನೆ" ಅಂತ ಹೇಳಿಯೇ ಹೋಗುತ್ತೇನೆ. ಇನ್ನೊಂದು, ನನ್ನ ಮಾತು. "ಕೈ ಎತ್ತಿ" ಅನ್ನುವ ಕಡೆ "ಬೇಕಿದ್ದರೆ ಕೈ ಎತ್ತಬಹುದು, ತೊಡೆ ಮೇಲೇ ಇರಲಿ ಅಂದರೂ ಸರಿ" ಅನ್ನುತ್ತೇನೆ. ಹನ್ನೊಂದು ವರ್ಷದ ನಾಲಿಗೆ ಇದು. "ಮಾಡಿ" ಬಿಟ್ಟು "ಮಾಡಬಹುದು" ಅನ್ನಲು ತಿಂಗಳುಗಟ್ಟಲೆ ಬೇಕಾಯಿತು.

ನಿಮ್ಮಲ್ಲಿ ಯಾರಾದರೂ ಮಾಜಿ ಸೈನಿಕರಿಗೆ, ಜೈಲಿನಲ್ಲಿ, ಆಶ್ರಯ ಮನೆಗಳಲ್ಲಿ, ಬಡ ಬಡಾವಣೆಗಳಲ್ಲಿ ಕಲಿಸುತ್ತಿದ್ದೀರಾ? ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ? ಕಲಿಯುವ ಕಡೆ ಕೂತವರೂ ದಯವಿಟ್ಟು ಬರೆಯಿರಿ.

ಹಳೆಬೂಟು

ನಾನು ಆ ಮೂರನೇ ಸಾಲಿನವರ ಜಾಗದಲ್ಲಿ ಕೂತವನು. ನಿಮ್ಮ ಗುಂಪಿನವನಲ್ಲ, ಬೇರೆ ಕಡೆಯವನು. ಹತ್ತೊಂಬತ್ತು ವರ್ಷ ಸೇವೆ.

ಎಲ್ಲರೂ ಶವಾಸನ ಸುಲಭ ಅಂದುಕೊಳ್ಳುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಕಷ್ಟ. ಅಂಗಾತ ಮಲಗಬೇಕು, ಹೊಟ್ಟೆ ಎದೆ ತೆರೆದಿರಬೇಕು, ಅಂಗೈ ಮೇಲ್ಮುಖವಾಗಿರಬೇಕು, ಕಣ್ಣು ಮುಚ್ಚಿರಬೇಕು, ಸುತ್ತ ಗುರುತಿಲ್ಲದ ಜನ. ನನ್ನ ಮೈ ಆ ಐದೂ ಒಟ್ಟಿಗೆ ಒಪ್ಪುವುದಿಲ್ಲ. ಆರು ತಿಂಗಳು ನಾನು ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು, ನೆಲದ ಮೇಲಿನ ಒಂದು ಚುಕ್ಕೆ ನೋಡುತ್ತಿದ್ದೆ. ನಮ್ಮ ಶಿಕ್ಷಕರು ಒಂದು ದಿನವೂ "ಮಲಗಲ್ವಾ?" ಅಂತ ಕೇಳಲಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೋದೆ. ಈಗ ಮಗ್ಗುಲಾಗಿ ಮಲಗುತ್ತೇನೆ, ಬಾಗಿಲ ಕಡೆ ಮುಖ ಮಾಡಿ.

ನನಗೆ ನಿಜವಾಗಿ ಉಪಯೋಗವಾದದ್ದು ಉಸಿರು. ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ. ಮೊದಲು ಎದ್ದು ಮನೆಯ ಚಿಲಕಗಳನ್ನೆಲ್ಲ ನೋಡಿ ಬರುತ್ತಿದ್ದೆ, ಆಮೇಲೆ ಬೆಳಗಿನ ತನಕ ನಿದ್ದೆ ಇಲ್ಲ. ಈಗ ಹಾಸಿಗೆಯಲ್ಲೇ ಕೂತು ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಇಪ್ಪತ್ತು ಸಲ. ಕೆಲವು ರಾತ್ರಿ ಮತ್ತೆ ನಿದ್ದೆ ಹತ್ತುತ್ತದೆ, ಕೆಲವು ರಾತ್ರಿ ಇಲ್ಲ. ಚಿಲಕ ನೋಡಲು ಏಳುವುದು ಮಾತ್ರ ಕಡಿಮೆಯಾಗಿದೆ.

ಶಿಕ್ಷಕರಿಗೆ ಒಂದು ಮಾತು. ಉಸಿರು ಹಿಡಿದಿಡಲು ಹೇಳಬೇಡಿ. ಕಪಾಲಭಾತಿ, ಭಸ್ತ್ರಿಕೆಯಂಥ ಜೋರು ಉಸಿರಾಟ ಮೊದಲಿಗೇ ಬೇಡವೇ ಬೇಡ. ಎದೆಬಡಿತ ಏರಿದರೆ ನಮ್ಮ ತಲೆಗೆ ಅದು ವ್ಯಾಯಾಮ ಅಂತ ಗೊತ್ತಾಗುವುದಿಲ್ಲ. ಏನೋ ಆಗುತ್ತಿದೆ ಅಂತಲೇ ಓದಿಕೊಳ್ಳುತ್ತದೆ.

ಲೆಕ್ಕದಪುಸ್ತಕ

ಹಳೆಬೂಟು ಅವರ ಅನುಭವಕ್ಕೆ ಗೌರವ ಇದೆ. ಆದರೂ ಕೇಳಲೇಬೇಕು, ಪುರಾವೆ ಏನಿದೆ? "ಯೋಗ ಮಾಡಿದರೆ ಎಲ್ಲ ಸರಿಹೋಗುತ್ತದೆ" ಅಂತ ಹೇಳಿ ಜನ ಮಾತ್ರೆ ಬಿಡುವ ಹಾಗೆ ಮಾಡುವವರನ್ನು ನೋಡಿದ್ದೇನೆ. ನನ್ನ ಹತ್ತಿರದ ಬಂಧು ಒಬ್ಬರು ಹಾಗೇ ಮಾತ್ರೆ ಬಿಟ್ಟು ತುಂಬಾ ನರಳಿದರು. ಅದಕ್ಕೇ ಈ ಮಾತು ಬಂದಾಗಲೆಲ್ಲ ನನಗೆ ಭಯ.

ನೀಲಿಕಿಟಕಿ

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಭಯ ಸರಿಯಾದದ್ದೇ. ಮಾತ್ರೆ ಬಿಡುವುದು, ಕಡಿಮೆ ಮಾಡುವುದು ವೈದ್ಯರ ಜೊತೆ ಮಾತಾಡಿಯೇ. ಯೋಗ ಶಿಕ್ಷಕರು ಆ ವಿಷಯಕ್ಕೆ ಬಾಯಿ ಹಾಕಬಾರದು.

ಪುರಾವೆ ಅಂದರೆ, ನಾನು ಓದಿ ನಂಬುವಷ್ಟನ್ನು ಹೇಳುತ್ತೇನೆ.

2014ರಲ್ಲಿ ವಾನ್ ಡರ್ ಕೋಲ್ಕ್ ತಂಡ 64 ಮಹಿಳೆಯರ ಮೇಲೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಎಲ್ಲರಿಗೂ ಬೇರೆ ಚಿಕಿತ್ಸೆಗೆ ಬಗ್ಗದ, ಹಳೆಯ ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಮನಸ್ಸಿನ ಕಾಯಿಲೆ ಇತ್ತು. ಅರ್ಧ ಜನರಿಗೆ 10 ವಾರ ಆಘಾತ ಅರಿತ ಯೋಗ, ಉಳಿದವರಿಗೆ ಆರೋಗ್ಯ ಮಾಹಿತಿಯ ತರಗತಿ. ಕೊನೆಗೆ ಯೋಗದ ಗುಂಪಿನಲ್ಲಿ 52% ಜನ ಪಿಟಿಎಸ್‌ಡಿ ಅನ್ನುವ ಅಳತೆಯಿಂದ ಹೊರಗೆ ಬಂದಿದ್ದರು. ಇನ್ನೊಂದು ಗುಂಪಿನಲ್ಲಿ 21%. ಆದರೆ ಗುಂಪು ಸಣ್ಣದು.

ಸೈನಿಕರ ವಿಷಯಕ್ಕೆ ಬಂದರೆ, 2023ರ ಕೊನೆಗೆ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ನಡೆದ ಒಂದು ಪ್ರಯೋಗದ ವರದಿ ಬಂತು. ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 131 ಮಹಿಳಾ ಮಾಜಿ ಸೈನಿಕರು ಅದರಲ್ಲಿದ್ದರು. ಒಂದು ಗುಂಪಿಗೆ ಈ ಯೋಗ. ಇನ್ನೊಂದಕ್ಕೆ ಸಿಪಿಟಿ, ಅಂದರೆ ಆ ಘಟನೆಯ ಬಗ್ಗೆ ಬೇರೂರಿದ ಯೋಚನೆಗಳನ್ನು ಬಿಡಿಸಿ ನೋಡುವ ಮಾತಿನ ಚಿಕಿತ್ಸೆ. ಪಿಟಿಎಸ್‌ಡಿಗೆ ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ಅದೂ ಒಂದು. ಎರಡೂ ಗುಂಪಿಗೆ ಒಂದೇ ಮಟ್ಟದ ಅನುಕೂಲ ಆಯಿತು. ಆದರೆ ಕೊನೆಯ ತನಕ ಉಳಿದವರು ಯೋಗದ ಗುಂಪಿನಲ್ಲೇ ಜಾಸ್ತಿ.

ನನ್ನ ಮನಸ್ಸಿನಲ್ಲಿ ನಿಂತದ್ದು ಆ ಕೊನೆಯ ಸಾಲು. ಎಷ್ಟು ಒಳ್ಳೆಯ ಚಿಕಿತ್ಸೆಯಾದರೂ ಅರ್ಧಕ್ಕೆ ಎದ್ದು ಹೋದವರಿಗೆ ಏನು ಉಪಯೋಗ? ಯೋಗದಲ್ಲಿ ಆದದ್ದನ್ನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಹಾಗಂತ ಮಾತಿನ ಚಿಕಿತ್ಸೆ ಬೇಡ ಅನ್ನುತ್ತಿಲ್ಲ. ಅದರಿಂದ ಬದುಕು ಮರಳಿ ಪಡೆದವರು ಬೇಕಾದಷ್ಟು ಜನ ಇದ್ದಾರೆ.

ಉಸಿರಿನ ಲೆಕ್ಕವೂ ಸುಮ್ನೆ ಹುಟ್ಟಿದ್ದಲ್ಲ. ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ವೇಗಸ್ ಅನ್ನುವ ನರದ ಕೆಲಸ ಅದು. ಹೊರಗೆ ಬಿಡುವುದನ್ನು ಉದ್ದ ಮಾಡಿದರೆ ಇಳಿಯುವ ಹೊತ್ತು ಜಾಸ್ತಿಯಾಗುತ್ತದೆ. ಹಳೆಬೂಟು ಅವರು ರಾತ್ರಿ ಎರಡೂವರೆಗೆ ಮಾಡುತ್ತಿರುವುದು ಅದನ್ನೇ.

ಗೋಡೆಬದಿ

ನನ್ನ ತಂದೆ ಮಾಜಿ ಸೈನಿಕರು. "ಮನಸ್ಸಿನ ಡಾಕ್ಟರ್" ಅನ್ನುವ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದರು. ನನಗೇನೂ ಆಗಿಲ್ಲ, ಹುಚ್ಚು ಹಿಡಿದಿಲ್ಲ ಅನ್ನುತ್ತಿದ್ದರು. ಆದರೆ ಬೆನ್ನುನೋವು ಇತ್ತು. ಬೆನ್ನುನೋವಿಗೆ ಯೋಗ ಅಂತ ಹೇಳಿ ಕರೆದುಕೊಂಡು ಹೋದೆವು. ಅದಕ್ಕೆ ನಾಚಿಕೆ ಬೇಕಿಲ್ಲ ಅಲ್ವಾ.

ನಾಲ್ಕನೇ ವಾರ ತರಗತಿ ಮುಗಿದ ಮೇಲೆ ಗಾಡಿಯಲ್ಲಿ ಕೂತು, ಬೆಲ್ಟ್ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಅಲ್ಲಿ ಉಸಿರು ಎಣಿಸುವಾಗ ಸ್ವಲ್ಪ ಹೊತ್ತು ಏನೂ ನೆನಪಾಗಲಿಲ್ಲ." ಅಷ್ಟೇ. ಮನೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ನೆನಪುಗಳು ಅವರನ್ನು ಕಾಡುತ್ತವೆ ಅಂತ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅದಾಗಿ ಒಂದು ವರ್ಷಕ್ಕೆ ಅವರೇ ಆಪ್ತಸಲಹೆಗಾರರನ್ನು ಕಾಣುತ್ತೇನೆ ಅಂದರು. ಈಗ ಎರಡೂ ನಡೆಯುತ್ತಿದೆ.

ನೀಲಿಕಿಟಕಿ

ಗೋಡೆಬದಿ ಅವರೇ, ಬೆನ್ನಿನ ಬಾಗಿಲಿನಿಂದ ಬರುವವರು ತುಂಬಾ ಜನ. ವರ್ಷಗಟ್ಟಲೆ ಭಾರ ಹೊತ್ತ ಬೆನ್ನು, ಮಂಡಿ ಅವು. 2017ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹಳೆಯ ಬೆನ್ನುನೋವಿದ್ದ 150 ಮಾಜಿ ಸೈನಿಕರ ಪ್ರಯೋಗದ ಫಲಿತಾಂಶ ಬಂತು. ವಾರಕ್ಕೆ ಎರಡು ಸಲ, 12 ವಾರ ಯೋಗ. ತರಗತಿ ಮುಗಿದ ಕೂಡಲೇ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆರು ತಿಂಗಳ ಹೊತ್ತಿಗೆ ಕಂಡಿತು. ಒಂದೆರಡು ವಾರಕ್ಕೆ "ಏನೂ ಆಗ್ತಿಲ್ಲ" ಅಂತ ಬಿಡುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಅದೇ ವರ್ಷ ಆ ದೇಶದ ಮಾಜಿ ಸೈನಿಕರ ಇಲಾಖೆ ತನ್ನ ಆರೋಗ್ಯ ಸೇವೆಯಲ್ಲಿ ಒದಗಿಸಬೇಕಾದ ಪೂರಕ ಪದ್ಧತಿಗಳ ಪಟ್ಟಿಗೆ ಯೋಗವನ್ನೂ ಸೇರಿಸಿತು.

ಮೂಲೆಮನೆ

ಮಾಜಿ ಸೈನಿಕರ ಬಗ್ಗೆ ನನಗೆ ಗೊತ್ತಿಲ್ಲ. ನಾನು ಕಲಿಸುವುದು ಕೈಯಲ್ಲಿ ದುಡ್ಡಿಲ್ಲದ, ಎರಡೆರಡು ಕೆಲಸ ಮಾಡುವ ಜನರಿಗೆ. ಜಾಸ್ತಿ ಹೆಂಗಸರು. ಅವರಲ್ಲೂ ಆಘಾತ ಇದೆ. ಹೊಡೆತ ತಿಂದವರು, ಮನೆ ಕಳೆದುಕೊಂಡವರು, ಮಗು ಕಳೆದುಕೊಂಡವರು. ಆದರೆ ಅವರ ಆಘಾತಕ್ಕೆ ಯಾವ ಇಲಾಖೆಯೂ ಇಲ್ಲ.

ಮೊದಲ ವರ್ಷ ನನ್ನ ತರಗತಿ ಖಾಲಿ. ಉಚಿತ ಅಂದರೂ ಯಾರೂ ಬರಲಿಲ್ಲ. "ಈ ಜನರಿಗೆ ಆರೋಗ್ಯದ ಕಾಳಜಿಯೇ ಇಲ್ಲ" ಅಂತ ನಾನೂ ಅಂದುಕೊಂಡಿದ್ದೆ. ಈಗ ಆ ಮಾತು ನೆನಪಾದರೆ ಸಂಕಟ ಆಗುತ್ತದೆ. ಒಂದು ದಿನ ಒಬ್ಬಾಕೆ ಬಾಗಿಲಲ್ಲಿ ನಿಂತು ಕೇಳಿದಳು, "ಮಗು ಕರೆದುಕೊಂಡು ಬರಬಹುದಾ?" ಕಂಕುಳಲ್ಲಿ ಮಗು, ಕೈಯಲ್ಲಿ ಕೆಲಸದ ಚೀಲ. ಬನ್ನಿ ಅಂದೆ. ಮರುವಾರ ಅವಳ ಜೊತೆ ನಾಲ್ಕು ಜನ ಬಂದರು, ಐದು ಮಕ್ಕಳು.

ಆಮೇಲೆ ಒಂದೊಂದಾಗಿ ಗೊತ್ತಾಯಿತು. ನನ್ನ ತರಗತಿ ಇದ್ದದ್ದು ಅವರ ಪಾಳಿ ಶುರುವಾಗುವ ಹೊತ್ತಿಗೆ. ನಾನು ಹಾಕಿದ್ದ ಚೀಟಿಯಲ್ಲಿ ಬಿಗಿ ಬಟ್ಟೆ ತೊಟ್ಟ ತೆಳ್ಳಗಿನ ಹುಡುಗಿಯ ಚಿತ್ರ. ಅದನ್ನು ನೋಡಿದ ಯಾರಿಗೆ ತಾನೇ ಇದು ನನ್ನ ಜಾಗ ಅನ್ನಿಸುತ್ತದೆ? ಈಗ ಹೊತ್ತು ಬದಲಾಗಿದೆ. ಕೆಲಸದ ಬಟ್ಟೆಯಲ್ಲೇ ಬರುತ್ತಾರೆ, ಕುರ್ಚಿಯ ಮೇಲೆ ಕೂತು ಅರ್ಧ ಗಂಟೆ. ಮಕ್ಕಳು ಮಧ್ಯೆ ಓಡಾಡುತ್ತಿರುತ್ತಾರೆ. ಎರಡು ವಾರ ತಪ್ಪಿಸಿ ಮೂರನೇ ವಾರ ಬಂದವರನ್ನು ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ನೀಲಿಕಿಟಕಿ ಅವರೇ, ಬಾಸ್ಟನ್ನಿನ ಪ್ರಯೋಗ ಬಿಟ್ಟಿರಲ್ಲ! ನನಗೆ ಬಲ ಕೊಟ್ಟದ್ದು ಅದೇ. ಅದೂ 2017ರದ್ದೇ. ಅಲ್ಲಿ 320 ಜನರಲ್ಲಿ ಹೆಚ್ಚಿನವರು ಕಡಿಮೆ ಆದಾಯದವರು. ಎಲ್ಲರಿಗೂ ಹಳೆಯ ಬೆನ್ನುನೋವು. 12 ವಾರದ ಯೋಗ ಫಿಸಿಯೋಥೆರಪಿಗಿಂತ ಕಡಿಮೆಯೇನೂ ಆಗಲಿಲ್ಲ. ಒಬ್ಬೊಬ್ಬರನ್ನೇ ನೋಡುವ ಚಿಕಿತ್ಸೆ ಎಟುಕದ ಕಡೆ ಒಂದು ಕೋಣೆ, ಹತ್ತು ಕುರ್ಚಿ, ಕಲಿತ ಒಬ್ಬ ಶಿಕ್ಷಕಿ ಇದ್ದರೆ ಇಷ್ಟು ಸಾಧ್ಯ ಅನ್ನುವುದು ಸಣ್ಣ ಮಾತಲ್ಲ.

ಬೇರುಗಳು

ಒಂದು ಅಸಮಾಧಾನ ಇದೆ, ಹೇಳುತ್ತೇನೆ. ಇಂಥ ತರಗತಿಗಳಲ್ಲಿ ಸಂಸ್ಕೃತದ ಹೆಸರು ಬೇಡ ಅನ್ನುತ್ತಾರೆ, ಓಂ ಬೇಡ, ಕಣ್ಣು ಮುಚ್ಚುವುದು ಬೇಡ, ಭಂಗಿ ತಿದ್ದುವುದು ಬೇಡ. ಎಲ್ಲ ತೆಗೆದ ಮೇಲೆ ಉಳಿಯುವುದು ಯೋಗವಾ, ಕುರ್ಚಿ ವ್ಯಾಯಾಮವಾ? ಬೇರು ಕಿತ್ತು ಗಿಡ ಬೆಳೆಸಲು ಆಗುತ್ತದೆಯೇ?

ಮೆತ್ತನೆಚಾಪೆ

ಬೇರುಗಳು ಅವರೇ, ಈ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿದೆ. ಆಸನ ಅಂದರೇನು ಅಂತ ಪತಂಜಲಿ ಹೇಳಿದ್ದು ಮೂರೇ ಪದದಲ್ಲಿ: ಸ್ಥಿರ, ಸುಖ, ಆಸನ. ಅಲುಗದೆ, ಹಿತವಾಗಿ ಕೂರುವುದು. ಮುಷ್ಟಿ ಬಿಗಿದು ಅಂಗಾತ ಮಲಗಿದವರಿಗೆ ಸ್ಥಿರವೂ ಇಲ್ಲ, ಸುಖವೂ ಇಲ್ಲ. ಗೋಡೆಗೆ ಒರಗಿ, ಕಣ್ಣು ತೆರೆದು ಚುಕ್ಕೆ ನೋಡುತ್ತಾ ಕೂತ ಹಳೆಬೂಟು ಅವರಿಗೆ ಎರಡೂ ಇತ್ತು. ನನ್ನ ಲೆಕ್ಕದಲ್ಲಿ ಆ ಕೋಣೆಯಲ್ಲಿ ಅವರದ್ದೇ ಆಸನ.

ಓಂ ವಿಷಯ ಬೇರೆ. ಬೇರೆ ನಂಬಿಕೆಯವರು, ನಂಬಿಕೆ ಇಲ್ಲದವರು ಇರುವ ಕೋಣೆಯಲ್ಲಿ ಅದನ್ನು ಎಲ್ಲರ ಬಾಯಲ್ಲಿ ಹೇಳಿಸುವುದು ನನಗೆ ಸರಿ ಕಾಣುವುದಿಲ್ಲ. ಕೇಳಿದವರಿಗೆ ಎಲ್ಲಿಂದ ಬಂತು, ಏನರ್ಥ ಅಂತ ಪ್ರೀತಿಯಿಂದ ಹೇಳುತ್ತೇನೆ. ಮೂಲವನ್ನು ಮರೆಮಾಚುವುದಿಲ್ಲ.

ಹಳೆಬೂಟು

ನನ್ನನ್ನು ಉದಾಹರಣೆ ಮಾಡಿದ್ದಕ್ಕೆ ಸಂತೋಷವೇ. ಆದರೆ ಒಂದು ಕಡೆ ನಾನು ಮೆತ್ತನೆಚಾಪೆ ಅವರ ಮಾತು ಪೂರ್ತಿ ಒಪ್ಪುವುದಿಲ್ಲ. ಆಯ್ಕೆ ಜಾಸ್ತಿಯಾದರೂ ತೊಂದರೆ. "ಕೈ ಎತ್ತಬಹುದು, ಎತ್ತದೆ ಇರಬಹುದು, ಅರ್ಧ ಎತ್ತಬಹುದು, ಕಣ್ಣು ತೆರೆಯಬಹುದು, ಮುಚ್ಚಬಹುದು" ಅಂತ ಒಬ್ಬರು ಹೇಳುತ್ತಾ ಹೋದರು. ನನಗೆ ತಲೆ ಕೆಟ್ಟಿತು. ಸ್ಪಷ್ಟವಾಗಿ ಒಂದು ಮಾತು ಕೇಳಿ ನಮಗೆ ಅಭ್ಯಾಸ. ಎರಡು ದಾರಿ ಕೊಡಿ, ಸಾಕು. ಯಾವುದು ಹಿಡಿದರೂ ತಪ್ಪಿಲ್ಲ ಅಂತ ಒಂದೇ ಸಲ ಹೇಳಿ. ಮತ್ತೆ ತರಗತಿ ಎಷ್ಟು ಹೊತ್ತು, ಮೊದಲು ಏನು, ಕೊನೆಗೆ ಏನು ಅಂತ ಶುರುವಿನಲ್ಲೇ ಹೇಳಿಬಿಡಿ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ.

ಮೆತ್ತನೆಚಾಪೆ

ಇದನ್ನು ಬರೆದಿಟ್ಟುಕೊಂಡೆ. ನಿಜ, ನಾನೂ ಹಾಗೆ ಉದ್ದ ಎಳೆಯುತ್ತೇನೆ. ಇನ್ನು ಮೇಲೆ ಎರಡೇ.

ಕಂಬಿಯಾಚೆ

ಜೈಲಿನ ಬಗ್ಗೆ ಕೇಳಿದ್ದಿರಿ. ಎರಡು ವರ್ಷ ಒಂದು ಜೈಲಿನಲ್ಲಿ ಕಲಿಸಿದ್ದೇನೆ. ಜೈಲಿನಲ್ಲಿ ಮಾಜಿ ಸೈನಿಕರೂ ಇರುತ್ತಾರೆ, ಅದನ್ನು ಮರೆಯಬಾರದು.

ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಜೇಮ್ಸ್ ಫಾಕ್ಸ್ 2002ರಲ್ಲಿ ಯೋಗ ತರಗತಿ ಶುರು ಮಾಡಿದರು. ಅದರಿಂದ ಪ್ರಿಸನ್ ಯೋಗ ಪ್ರಾಜೆಕ್ಟ್ ಬೆಳೆಯಿತು. ಬ್ರಿಟನ್ನಿನ ಪ್ರಿಸನ್ ಫೀನಿಕ್ಸ್ ಟ್ರಸ್ಟ್ ಇನ್ನೂ ಹಳೆಯದು, 1988ರದ್ದು. ಅಲ್ಲಿನ ಏಳು ಜೈಲುಗಳಲ್ಲಿ 10 ವಾರದ ಯೋಗದ ಮೇಲೆ ಆಕ್ಸ್‌ಫರ್ಡ್ ಸಂಶೋಧಕರು ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರ ಮನಸ್ಸಿನ ದುಗುಡ ಕಡಿಮೆಯಾಗಿತ್ತು. ತಕ್ಷಣದ ಪ್ರತಿಕ್ರಿಯೆಯನ್ನು ತಡೆದುಕೊಳ್ಳುವ ಪರೀಕ್ಷೆಯಲ್ಲೂ ಅವರು ಮುಂದಿದ್ದರು.

ನಾನು ಕಣ್ಣಾರೆ ಕಂಡದ್ದು ಇದು. ನನ್ನ ಗುಂಪಿನ ಹುಡುಗನೊಬ್ಬ ಊಟದ ಸಾಲಿನಲ್ಲಿ ಯಾರೋ ತಳ್ಳಿದಾಗ ತಿರುಗಿ ಹೊಡೆಯಲಿಲ್ಲ. "ಕಾಲು ಎರಡೂ ನೆಲಕ್ಕೆ ಒತ್ತಿದೆ ಸಾರ್, ತಾಡಾಸನದ ಹಾಗೆ" ಅಂತ ಆಮೇಲೆ ಹೇಳಿದ. ಅಂಗಾಲು, ನೆಲ, ಒಂದು ಉಸಿರು. ಅಷ್ಟರಲ್ಲಿ ಆ ಗಳಿಗೆ ದಾಟಿತ್ತು. ಹೊಡೆದಿದ್ದರೆ ಅವನ ಬಿಡುಗಡೆ ಮುಂದಕ್ಕೆ ಹೋಗುತ್ತಿತ್ತು.

ಲೆಕ್ಕದಪುಸ್ತಕ

ಓದುತ್ತಾ ನನ್ನ ಮನಸ್ಸು ಸ್ವಲ್ಪ ಬದಲಾಯಿತು, ಒಪ್ಪುತ್ತೇನೆ. ಇನ್ನೊಂದು ಪ್ರಶ್ನೆ. ಇದೆಲ್ಲ ಒಳ್ಳೆಯ ಮನಸ್ಸಿನ ಹೊರಗಿನವರು ಬಂದು ಮಾಡುವ ಕೆಲಸ. ಅವರು ಹೋದ ಮೇಲೆ?

ಮೂಲೆಮನೆ

ಅದೇ ನನ್ನ ದೊಡ್ಡ ಚಿಂತೆ. ನೈರೋಬಿಯಲ್ಲಿ 2007ರಲ್ಲಿ ಶುರುವಾದ ಆಫ್ರಿಕಾ ಯೋಗ ಪ್ರಾಜೆಕ್ಟ್ ಹಿಡಿದ ದಾರಿ ನನಗೆ ಹಿಡಿಸಿತು. ಅಲ್ಲಿನ ಬಡ ಬಡಾವಣೆಗಳ ಯುವಕ ಯುವತಿಯರನ್ನೇ ಶಿಕ್ಷಕರಾಗಿ ತಯಾರು ಮಾಡಿದರು. ಯೋಗ ಅವರಿಗೆ ಸಂಬಳ ತರುವ ಕೆಲಸವೂ ಆಯಿತು. ನನ್ನ ಗುಂಪಿನಲ್ಲಿ ಅಂದು ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳಲ್ಲ, ಆಕೆ ಈಗ ವಾರಕ್ಕೆ ಒಂದು ತರಗತಿ ತಾನೇ ನಡೆಸುತ್ತಾಳೆ. ನನ್ನ ತರಗತಿಗಿಂತ ಅವಳದಕ್ಕೆ ಜನ ಜಾಸ್ತಿ. ಅವಳಿಗೂ ಸಂಬಳ ಇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಸೇವೆ ಅಂತ ಹೇಳಿ ಬಡವರ ಕೈಯಲ್ಲೇ ಬಿಟ್ಟಿ ಕೆಲಸ ಮಾಡಿಸಬಾರದು.

ಗೋಡೆಬದಿ

ಮೆತ್ತನೆಚಾಪೆ ಅವರಿಗೆ ಒಂದು ಸಣ್ಣ ಪ್ರಶ್ನೆ. ಅಪ್ಪನಿಗೆ ಕೊನೆಯ ವಿಶ್ರಾಂತಿ ಇನ್ನೂ ಆಗುತ್ತಿಲ್ಲ. ಕೋಣೆ ನಿಶ್ಶಬ್ದ ಆದ ಕೂಡಲೇ ಚಡಪಡಿಸುತ್ತಾರೆ. ಬಾಗಿಲು ಕಾಣುತ್ತದೆ, ದೀಪವೂ ಇದೆ. ಮತ್ತೇನಿರಬಹುದು?

ಮೆತ್ತನೆಚಾಪೆ

ನನಗೆ ಹೊಳೆಯುತ್ತಿಲ್ಲ. ಹಳೆಬೂಟು ಅವರೇ?

ಹಳೆಬೂಟು

ಕಿವಿ. ಗುಂಡಿನ, ಎಂಜಿನ್ನಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರ ಕಿವಿಯಲ್ಲಿ ಒಂದು ಗುಂಯ್‌ ಅನ್ನುವ ಸದ್ದು ನಿಲ್ಲುವುದೇ ಇಲ್ಲ. ಮಾಜಿ ಸೈನಿಕರಲ್ಲಿ ಇದು ತುಂಬಾ ಸಾಮಾನ್ಯ. ಕೋಣೆ ನಿಶ್ಶಬ್ದವಾದಷ್ಟೂ ಅದು ಜೋರಾಗಿ ಕೇಳಿಸುತ್ತದೆ. ನನಗೂ ಹಾಗೇ ಆಗುತ್ತಿತ್ತು. ಅಪ್ಪನನ್ನು ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಹೌದು ಅಂದರೆ ಕಿವಿಯ ಡಾಕ್ಟರಿಗೂ ತೋರಿಸಿ.

ತರಗತಿಯಲ್ಲಿ ಫ್ಯಾನ್ ಹಾಕಿಸಿ. ಸಣ್ಣ ಸದ್ದು ಬರುವ ಹಳೆಯ ಫ್ಯಾನ್ ಆದರೆ ಇನ್ನೂ ಒಳ್ಳೆಯದು.

ಗೋಡೆಬದಿ

ಈಗಷ್ಟೇ ಕೇಳಿದೆ. "ನಿನಗೆ ಯಾರು ಹೇಳಿದರು?" ಅಂದರು. ಗುರುವಾರ ತರಗತಿ ಇದೆ. ಶಿಕ್ಷಕರಿಗೆ ಫೋನ್ ಮಾಡಿ ಫ್ಯಾನ್ ವಿಷಯ ಹೇಳಿದ್ದೇನೆ.